ಲಕ್ಕುಂಡಿ: ಅರ್ಧ ದಿನ ಇಳಿದು ನೋಡಬೇಕಾದ ಊರು



ರಜೆಯಲ್ಲಿ ಊರ ಕಡೆ ಹೊರಟ ನಾವು ಮಕ್ಕಳಿಗೆ ಹಂಪಿ, ಬಾದಾಮಿ ತೋರಿಸುತ್ತೇವೆ. ಗದಗದಿಂದ ಸುಮಾರು 12 ಕಿ.ಮೀ. ದೂರದಲ್ಲಿ, ಹೊಸಪೇಟೆಗೆ ಹೋಗುವ ರಸ್ತೆಯಲ್ಲೇ ಇರುವ ಲಕ್ಕುಂಡಿಯಲ್ಲಿ ಇಳಿಯುವವರು ಮಾತ್ರ ಕಡಿಮೆ.

ಈಗ ಹಳ್ಳಿಯಾದರೂ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ದೊಡ್ಡ ಪಟ್ಟಣ. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ನಾಣ್ಯ ಅಚ್ಚು ಹಾಕುವ ಟಂಕಸಾಲೆಯೂ ಇಲ್ಲಿತ್ತು. 'ಲೊಕ್ಕಿ ಗದ್ಯಾಣ' ಎಂಬ ನಾಣ್ಯಕ್ಕೆ ಊರಿನದೇ ಹೆಸರು. 101 ಗುಡಿ, 101 ಬಾವಿ ಇದ್ದವು ಎಂಬುದು ಊರವರ ಮಾತು.

ಮೊದಲು ಬ್ರಹ್ಮ ಜಿನಾಲಯಕ್ಕೆ ಹೋಗಿ. ಇದನ್ನು 1007ರಲ್ಲಿ ಕಟ್ಟಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ರನ್ನ ಕವಿಗೆ ಆಶ್ರಯ ಕೊಟ್ಟವಳೂ ಇವಳೇ. ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಪೊನ್ನನ 'ಶಾಂತಿಪುರಾಣ' ಅಳಿದುಹೋಗಬಾರದೆಂದು 1000 ಪ್ರತಿ ಬರೆಯಿಸಿ ಹಂಚಿದಳು.

ಬಾದಾಮಿಯ ಗುಡಿಗಳದು ಕೆಂಪು ಮರಳುಗಲ್ಲು, ಇಲ್ಲಿಯದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಅದಕ್ಕೇ ಇಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಮುಂದೆ ಹೊಯ್ಸಳರ ಶಿಲ್ಪಿಗಳೂ ಇದೇ ಬಗೆಯ ಕಲ್ಲನ್ನು ಹಿಡಿದರು. ಈ ಕೈಚಳಕ ಕಾಣಬೇಕಾದರೆ ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದ ಮುಂದೆ ಹತ್ತು ನಿಮಿಷ ನಿಲ್ಲಿ. ಎದುರಿಗೇ ಸೂರ್ಯನ ಗುಡಿ. ಎರಡೂ ಒಂದೇ ಜಗತಿಯ ಮೇಲೆ ಮುಖಾಮುಖಿಯಾಗಿ ನಿಂತಿವೆ.

ಕೊನೆಗೆ ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿ. ಮೆಟ್ಟಿಲು ಇಳಿಯುತ್ತಾ ಹೋದಂತೆ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳು ಕಾಣುತ್ತವೆ. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ ನೀರಿಗೂ ದೇವರಷ್ಟೇ ಮರ್ಯಾದೆ.

ಮುಂಬೈ, ಪುಣೆಯವರು ಸೊಲ್ಲಾಪುರ–ವಿಜಯಪುರ ರೈಲು ಮಾರ್ಗದಲ್ಲಿ, ಹೈದರಾಬಾದಿನವರು ಗುಂತಕಲ್ಲು–ಬಳ್ಳಾರಿ ಮಾರ್ಗದಲ್ಲಿ ಗದಗಕ್ಕೆ ಬರಬಹುದು. ಅಲ್ಲಿಂದ ಬಸ್ಸು ಸಿಗುತ್ತದೆ. ಬಿಸಿಲೇರುವ ಮೊದಲೇ ಹೊರಡಿ, ಕುಡಿಯುವ ನೀರು ಜೊತೆಗಿರಲಿ. ಗುಡಿಗಳ ಸುತ್ತ ಜನರ ಮನೆಗಳಿವೆ. ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಶಿಲ್ಪಗಳ ಮೇಲೆ ಹತ್ತುವುದು, ಬಾವಿಗೆ ಬಾಟಲಿ ಎಸೆಯುವುದು ಬೇಡ.

ಪರಊರಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ಓದಲು ಬರುತ್ತದೋ ಇಲ್ಲವೋ ಎಂಬ ಚಿಂತೆ ನಮ್ಮೆಲ್ಲರದು. ಒಂದು ಕನ್ನಡ ಕಾವ್ಯ ಉಳಿಯಲೆಂದು ಸಾವಿರ ಪ್ರತಿ ಬರೆಯಿಸಿದ ಹೆಣ್ಣುಮಗಳ ಕಥೆಯನ್ನು ಅವಳು ಕಟ್ಟಿಸಿದ ಗುಡಿಯಲ್ಲೇ ಕೂತು ಅವರಿಗೆ ಹೇಳಿ. ಪಾಠದ ಪುಸ್ತಕಕ್ಕಿಂತ ಅದು ಹೆಚ್ಚು ದಿನ ನೆನಪಿರುತ್ತದೆ.