ಒಂದು ರಾತ್ರಿಯ ಖರೀದಿ: ಕೆನಡಾದ ಮೊದಲ ಜಲಾಂತರ್ಗಾಮಿಗಳು

1914ರ ಆಗಸ್ಟ್ 4ರ ರಾತ್ರಿ, ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿ ಕೆಲವೇ ಗಂಟೆಗಳಾಗಿದ್ದಾಗ, ಅಮೆರಿಕದ ಸಿಯಾಟಲ್ ಬಂದರಿನಿಂದ ಎರಡು ಜಲಾಂತರ್ಗಾಮಿಗಳು ದೀಪವಿಲ್ಲದೆ, ಸದ್ದು ಕಡಿಮೆ ಮಾಡುವ ವಿದ್ಯುತ್ ಮೋಟಾರಿನ ಮೇಲೆ ಹೊರಬಿದ್ದವು. ಅವನ್ನು ಕಟ್ಟಲು ಹೇಳಿದ್ದು ಚಿಲಿ ದೇಶ. ತೂಕ ಹೆಚ್ಚಾಗಿದೆ, ಕರಾರಿನಂತಿಲ್ಲ ಎಂದು ತಕರಾರು ತೆಗೆದು ಅದು ಬಾಕಿ ಹಣ ಕೊಡದೆ ಕೂತಿತ್ತು. ಬೆಳಗಾಗುವಾಗ ಕೆನಡಾದ ಪಶ್ಚಿಮ ಕರಾವಳಿಯ ಬಳಿ ಒಬ್ಬ ನೌಕಾಧಿಕಾರಿ ಹತ್ತಿ ಗಂಟೆಗಟ್ಟಲೆ ತಪಾಸಣೆ ಮಾಡಿದ; ಆಮೇಲೆ 11,50,000 ಡಾಲರಿನ ಚೆಕ್ ಕೈ ಬದಲಾಯಿತು. ಕೊಂಡದ್ದು ಕೇಂದ್ರ ಸರ್ಕಾರವಲ್ಲ, ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ. ಅದರ ಪ್ರೀಮಿಯರ್ ರಿಚರ್ಡ್ ಮೆಕ್‌ಬ್ರೈಡ್. ಅವು ಹೋಗುತ್ತಿದ್ದ ಎಸ್ಕ್ವಿಮಾಲ್ಟ್ ಬಂದರಿನ ಕಾವಲಿನವರಿಗೂ ಸುದ್ದಿ ಇರಲಿಲ್ಲವಾದ್ದರಿಂದ ಶತ್ರು ಬಂದನೆಂದು ಸೈರನ್ ಮೊಳಗಿತು. ಮುಂದೆ ಕೇಂದ್ರ ಇವನ್ನು ವಹಿಸಿಕೊಂಡು ಸಿಸಿ1, ಸಿಸಿ2 ಎಂದು ಹೆಸರಿಟ್ಟಿತು.

ಚಿಲಿಗೆ ಒಪ್ಪಿಕೊಂಡಿದ್ದ ಬೆಲೆ ಸುಮಾರು 8,18,000 ಡಾಲರ್. ಹಾಗಿದ್ದ ಮೇಲೆ ಮೆಕ್‌ಬ್ರೈಡ್ ಮೋಸಹೋದರೇ, ನಡುವೆ ಯಾರಾದರೂ ಹಣ ಹೊಡೆದರೇ ಎಂಬ ಅನುಮಾನ ಸಹಜವೇ. ವಿಚಾರಣಾ ಆಯೋಗ ಕೂತು ಅವರಿಗೆ ಕಳಂಕವಿಲ್ಲ ಎಂದಿತು. ಆಯೋಗದ ಮಾತನ್ನು ಬದಿಗಿಟ್ಟರೂ ಲೆಕ್ಕ ಅವರ ಪರವಾಗಿಯೇ ಇದೆ ಎನ್ನುವುದು ನನ್ನ ವಾದ. ಹೆಚ್ಚುವರಿ ಹಣ ಹೋದದ್ದು ಉಕ್ಕಿಗಲ್ಲ, ಸಮಯಕ್ಕೆ. ಅಮೆರಿಕ ತಟಸ್ಥವೆಂದು ಘೋಷಿಸಿಕೊಂಡ ಮೇಲೆ ಯಾವ ಬೆಲೆಗೂ ಅವು ಸಿಗುತ್ತಿರಲಿಲ್ಲ. ಇದು ಊಹೆಯಲ್ಲ: ಬ್ರಿಟನ್ನಿಗಾಗಿ ಮ್ಯಾಸಚೂಸೆಟ್ಸ್‌ನ ಕ್ವಿನ್ಸಿಯಲ್ಲಿ ಕಟ್ಟಿದ ಹತ್ತು ಎಚ್ ವರ್ಗದ ಜಲಾಂತರ್ಗಾಮಿಗಳು, ಅಮೆರಿಕ ತಾನೇ ಯುದ್ಧಕ್ಕೆ ಇಳಿಯುವವರೆಗೆ, ಅಲ್ಲೇ ತಡೆಹಿಡಿಯಲ್ಪಟ್ಟವು. ಪರದೇಶದಲ್ಲಿ ಕಟ್ಟಿಸಿದ ಯುದ್ಧನೌಕೆ ಬಂದರು ದಾಟುವ ತನಕ ನಮ್ಮದಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಅವು ಒಮ್ಮೆಯೂ ಶತ್ರುವನ್ನು ಎದುರಿಸಲಿಲ್ಲ. ಕೊಂಡಾಗ ಟಾರ್ಪೆಡೊ ಕೂಡ ಇರಲಿಲ್ಲ. ದೇಶದ ಇನ್ನೊಂದು ತುದಿಯ ಹ್ಯಾಲಿಫ್ಯಾಕ್ಸ್‌ನಿಂದ ರೈಲಿನಲ್ಲಿ ತರಿಸಬೇಕಾಯಿತು. ಜರ್ಮನಿಯ ಲೈಪ್ಸಿಗ್ ಯುದ್ಧನೌಕೆ ಆ ತಿಂಗಳು ಸ್ಯಾನ್ ಫ್ರಾನ್ಸಿಸ್ಕೊವರೆಗೆ ಬಂದು ಉತ್ತರಕ್ಕೆ ತಲೆಹಾಕಲಿಲ್ಲ, ಅದು ಇವುಗಳ ಭಯದಿಂದಲೇ ಎಂದು ಹೇಳುವವರಿದ್ದಾರೆ. ಅಷ್ಟು ದೂರ ನಾನು ಹೋಗಲಾರೆ. ಆದರೆ ಆಗಸ್ಟ್ 4ರಂದು ಲೈಪ್ಸಿಗ್ ಎತ್ತ ತಿರುಗುತ್ತದೆಂದು ಯಾರಿಗೂ ತಿಳಿದಿರಲಿಲ್ಲ, ಆ ಕರಾವಳಿಗೆ ಇದ್ದದ್ದು ರೇನ್‌ಬೋ ಎಂಬ ಹಳೆಯ ಕ್ರೂಸರ್ ಒಂದೇ. ಆ ರಾತ್ರಿಯ ನಿರ್ಧಾರವನ್ನು ಆ ರಾತ್ರಿ ಗೊತ್ತಿದ್ದರ ಮೇಲೆಯೇ ತೂಗಬೇಕು. ದೂರುವುದಾದರೆ 1910ರಲ್ಲಿ ನೌಕಾಪಡೆ ಕಟ್ಟಿ, ಆಮೇಲೆ ಪಕ್ಷಗಳ ಜಗಳದಲ್ಲಿ ಅದನ್ನು ಸೊರಗಲು ಬಿಟ್ಟ ಒಟ್ಟಾವಾದ ರಾಜಕಾರಣಿಗಳನ್ನು ದೂರಬೇಕು. ತಮ್ಮ ಪ್ರಾಂತ್ಯದ ಖಜಾನೆ ತೆಗೆದ ಮೆಕ್‌ಬ್ರೈಡ್ ಅವರನ್ನಲ್ಲ.