ಹಾಲಿನ ವಾಹನದ ಬ್ರೇಕು ಹಿಡಿದುಕೊಂಡರೆ ಏನು ಮಾಡಬೇಕು?



ಹಾಲಿನ ಕ್ಯಾನು, ಪಶು ಆಹಾರದ ಮೂಟೆ, ಹಸಿರು ಮೇವು ಸಾಗಿಸಲು ನಿಮ್ಮಲ್ಲಿ ಹಲವರು ಪಿಕಪ್ ವಾಹನ ಇಟ್ಟುಕೊಂಡಿದ್ದೀರಿ. ಸಾಮಾನ್ಯವಾಗಿ ಇವುಗಳ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಇರುತ್ತದೆ. ಪೆಡಲಿನಿಂದ ಕಾಲು ತೆಗೆದ ಮೇಲೂ ಅದು ಚಕ್ರವನ್ನು ಬಿಡದಿದ್ದರೆ "ಬ್ರೇಕು ಹಿಡಿಯುತ್ತಿದೆಯಲ್ಲ, ಸಾಕು" ಎಂದು ಉದಾಸೀನ ಮಾಡಬೇಡಿ. ಹೀಗೆ ಹಿಡಿದುಕೊಂಡ ಬ್ರೇಕೇ ಮುಂದೆ ಹಿಡಿಯದ ಬ್ರೇಕಾಗುತ್ತದೆ.

ಏಕೆ ಹಿಡಿದುಕೊಳ್ಳುತ್ತದೆ?

ಚಕ್ರದೊಂದಿಗೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಇಕ್ಕಳದಂತೆ ಎರಡು ಪ್ಯಾಡ್‌ಗಳ ನಡುವೆ ಅದುಮುವ ಭಾಗ ಕ್ಯಾಲಿಪರ್. ಪೆಡಲ್ ತುಳಿದಾಗ ಬ್ರೇಕ್ ಆಯಿಲಿನ ಒತ್ತಡಕ್ಕೆ ಪಿಸ್ಟನ್ ಒಳಗಿನ ಪ್ಯಾಡನ್ನು ದೂಡುತ್ತದೆ. ಕ್ಯಾಲಿಪರ್ ತನ್ನ ಪಿನ್ನುಗಳ ಮೇಲೆ ಸರಿದು ಹೊರಗಿನ ಪ್ಯಾಡನ್ನು ಎಳೆಯುತ್ತದೆ. ಕಾಲು ತೆಗೆದಾಗ ರಬ್ಬರ್ ಸೀಲು ಪಿಸ್ಟನ್ನನ್ನು ತುಸು ಹಿಂದಕ್ಕೆ ಎಳೆದುಕೊಳ್ಳುತ್ತದೆ. ರಬ್ಬರ್ ಹೊದಿಕೆ ಹರಿದು ಕೆಸರು ನೀರು ಒಳಹೊಕ್ಕರೆ ಪಿನ್ನು, ಪಿಸ್ಟನ್‌ಗಳಿಗೆ ತುಕ್ಕು ಹಿಡಿದು ಅವು ಸರಿಯುವುದಿಲ್ಲ.

ಲಕ್ಷಣಗಳು

1. ವಾಹನ ಒಂದೇ ಕಡೆಗೆ ಎಳೆಯುತ್ತದೆ. ಡೀಸೆಲ್ ಹೆಚ್ಚು ಕುಡಿಯುತ್ತದೆ.
2. ಚಕ್ರದ ಬಳಿ ಸುಟ್ಟ ವಾಸನೆ ಬರುತ್ತದೆ.
3. ಒಂದು ಪ್ಯಾಡ್ ಇನ್ನೊಂದಕ್ಕಿಂತ ಬೇಗ ಸವೆಯುತ್ತದೆ.
4. ಒಂದು ಚಕ್ರ ಮಾತ್ರ ವಿಪರೀತ ಕಾದಿರುತ್ತದೆ.

ಕೆಚ್ಚಲು ಬಾವು ಬಂದ ಹಸುವಿನ ಕೆಚ್ಚಲಿನ ಭಾಗಗಳನ್ನು ಒಂದಕ್ಕೊಂದು ಹೋಲಿಸಿ ನೋಡುತ್ತೀರಲ್ಲವೇ? ಹಾಗೆಯೇ ಎಡ ಬಲ ಚಕ್ರಗಳ ಕಾವನ್ನು ಹೋಲಿಸಿ. ಅಂಗೈಯನ್ನು ಹತ್ತಿರ ಹಿಡಿದರೆ ಸಾಕು, ಮುಟ್ಟಬೇಡಿ. ಕಾದ ಡಿಸ್ಕಿಗೆ ತಣ್ಣೀರು ಎರಚಬೇಡಿ. ಅದು ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು.

ಅಪಾಯವೇನು?

ಉಜ್ಜಾಟದ ಕಾವು ಬ್ರೇಕ್ ಆಯಿಲಿಗೆ ತಗಲುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಆದರೆ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಹಳೆಯದಾದಂತೆ ಈ ಮಟ್ಟ 140 ಡಿಗ್ರಿಯ ಹತ್ತಿರಕ್ಕೆ ಇಳಿಯಬಹುದು. ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ, ಬ್ರೇಕು ಬೀಳುವುದಿಲ್ಲ. ತುಂಬಿದ ಕ್ಯಾನುಗಳೊಡನೆ ಇಳಿಜಾರಿನಲ್ಲಿದ್ದಾಗ ಹೀಗಾದರೆ ಹಾಲಿನ ಜೊತೆ ಪ್ರಾಣವೂ ಹೋದೀತು.

ದೋಷ ಎಲ್ಲಿದೆ?

ಚಕ್ರ ತಣ್ಣಗಾದ ಮೇಲೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಮುಂಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಇಡಿ, ಜಾಕನ್ನಷ್ಟೇ ನಂಬಬೇಡಿ. ಒಬ್ಬರು ಪೆಡಲ್ ತುಳಿದು ಬಿಡಲಿ. ನೀವು ಚಕ್ರ ತಿರುಗಿಸಿ ನೋಡಿ. ಸ್ವಲ್ಪ ಉಜ್ಜುವ ಸದ್ದು ಸಹಜ, ಬಿಗಿಯಾಗಿದ್ದರೆ ದೋಷವಿದೆ.

ಆಗ ಕ್ಯಾಲಿಪರಿನ ಬ್ಲೀಡರ್ ಸ್ಕ್ರೂ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಕ್ಯಾಲಿಪರ್ ಕೆಟ್ಟಿಲ್ಲ, ಒತ್ತಡ ಸಿಕ್ಕಿಕೊಂಡಿದೆ ಎಂದರ್ಥ. ಒಂದೇ ಚಕ್ರವಾದರೆ ಬಹುಪಾಲು ಅದರ ರಬ್ಬರ್ ಹೋಸ್ ಒಳಗೆ ಊದಿಕೊಂಡಿರುತ್ತದೆ. ಎರಡೂ ಮುಂಚಕ್ರ ಬಿಗಿಯಾಗಿದ್ದರೆ ಮಾಸ್ಟರ್ ಸಿಲಿಂಡರ್ ಮತ್ತು ಪೆಡಲಿನ ಸಡಿಲವನ್ನು ಪರೀಕ್ಷಿಸಿ. ಸ್ಕ್ರೂ ಸಡಿಲಿಸಿದರೂ ಚಕ್ರ ಬಿಡದಿದ್ದರೆ ದೋಷ ಕ್ಯಾಲಿಪರಿನಲ್ಲೇ ಇದೆ. ಈ ಪರೀಕ್ಷೆ ಮಾಡದೆ ಹೊಸ ಕ್ಯಾಲಿಪರ್ ಕೊಂಡು ಹಣ ಕಳೆಯಬೇಡಿ.

ದುರಸ್ತಿ

ಕ್ಯಾಲಿಪರ್ ಬಿಚ್ಚಿದಾಗ ಅದನ್ನು ಹೋಸಿನ ಮೇಲೆ ಜೋತು ಬಿಡದೆ ತಂತಿಯಿಂದ ಕಟ್ಟಿರಿ. ಪಿನ್ನು ಕೈಯಲ್ಲೇ ಸರಿಯಬೇಕು. ಸರಿಯದಿದ್ದರೆ ತುಕ್ಕು ತೆಗೆದು, ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚಿ, ಹರಿದ ರಬ್ಬರ್ ಬದಲಿಸಿ. ಸಾಮಾನ್ಯ ಗ್ರೀಸ್, ಡೀಸೆಲ್, ಸೀಮೆಎಣ್ಣೆ ತಗಲಿದರೆ ರಬ್ಬರ್ ಊದಿ ಕೆಡುತ್ತದೆ. ಪಿಸ್ಟನ್ ಸಿ-ಕ್ಲಾಂಪಿಗೂ ಹಿಂದೆ ಹೋಗದಿದ್ದರೆ ಅಥವಾ ತುಕ್ಕು ತಿಂದು ಗುಳಿಬಿದ್ದಿದ್ದರೆ ನುರಿತ ಮೆಕ್ಯಾನಿಕ್‌ನಿಂದ ಬದಲಾಯಿಸಿರಿ. ಪ್ಯಾಡ್‌ಗಳನ್ನು ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಿಸಬೇಕು. ಬ್ರೇಕಿನ ಧೂಳನ್ನು ಊದಬೇಡಿ, ಅದು ಶ್ವಾಸಕೋಶಕ್ಕೆ ಕೇಡು.

ಬ್ಲೀಡರ್ ಸಡಿಲಿಸಿದ್ದರೆ ಏರ್ ತೆಗೆಯಲೇಬೇಕು. ಗಾಡಿ ಹೊರಡಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ನಂತರ ಕ್ಯಾನು ಹೇರದೆ ನಾಲ್ಕೈದು ಕಿಲೋಮೀಟರ್ ಓಡಿಸಿ, ಎರಡೂ ಚಕ್ರಗಳ ಕಾವನ್ನು ಮತ್ತೆ ಹೋಲಿಸಿ ನೋಡಿರಿ.

ನೆನಪಿಡಿ: ಮಳೆಗಾಲ ಮುಗಿದ ಮೇಲೆ ಪಿನ್ನುಗಳನ್ನು ಒಮ್ಮೆ ಶುಚಿ ಮಾಡಿಸಿ, ವಾಹನದ ಕೈಪಿಡಿಯಲ್ಲಿ ಹೇಳಿರುವ ಬ್ರೇಕ್ ಆಯಿಲನ್ನೇ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಿ. ಹಾಲು ಕೆಡುವ ಮುನ್ನ ಸಂಘ ತಲುಪಬೇಕು, ನೀವು ಸುಖವಾಗಿ ಮನೆ ಸೇರಬೇಕು.