ಹತ್ತರಲ್ಲೊಂದು ಪಾಲು

ಕೋಲಾರ ಜಿಲ್ಲೆಯ ಶಾಸನಗಳನ್ನು ಓದುತ್ತ ಹೋದರೆ ಒಂದು ಪದ ಮತ್ತೆ ಮತ್ತೆ ಎದುರಾಗುತ್ತದೆ: ದಶವಂದ. ಕೆರೆ ಕಟ್ಟಿಸಿದವನಿಗೆ, ಅಥವಾ ಒಡೆದು ಬರಿದಾದ ಕೆರೆಯನ್ನು ಮತ್ತೆ ನಿಲ್ಲಿಸಿದವನಿಗೆ, ಆ ಕೆರೆಯ ನೀರುಣ್ಣುವ ಗದ್ದೆಯಲ್ಲಿ ಹತ್ತರಲ್ಲೊಂದು ಪಾಲು ಬಿಟ್ಟುಕೊಡುವ ಕರಾರು ಅದು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಇಡಿಯಾಗಿ ಈ ಜಿಲ್ಲೆಯದು. ಅದರಲ್ಲಿ ಯುದ್ಧ, ವೀರಗಲ್ಲು, ದೇವಸ್ಥಾನದ ದತ್ತಿಗಳ ನಡುವೆ ದಶವಂದ, ಹಾಗೆಯೇ ಕೆರೆಗೆಂದು ಬಿಟ್ಟ ನೆಲವನ್ನು ಹೇಳುವ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಕಾಣಿಸುತ್ತವೆ. ಗಡಿ ದಾಟಿ ಮದನಪಲ್ಲಿ, ಕಡಪದ ಕಡೆ ಹೋದರೆ ಅದೇ ಪದ್ಧತಿ ದಶಬಂಧ ಇನಾಮು ಎಂಬ ಹೆಸರಿನಲ್ಲಿ ಬ್ರಿಟಿಷರ ಕಾಲದ ದಫ್ತರಗಳವರೆಗೂ ಬಂದಿದೆ.

ಈ ಎರಡು ಹೆಸರುಗಳ ನಡುವೆ ಕೂತಿರುವ ಊರು ರಾಯಲ್ಪಾಡು. ಶ್ರೀನಿವಾಸಪುರ ತಾಲ್ಲೂಕಿನ ಹೋಬಳಿ ಕೇಂದ್ರ; ಅಲ್ಲಿಂದಾಚೆ ಆಂಧ್ರ. ಮನೆಯೊಳಗೆ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ. ಅಜ್ಜಿ ಚೆರುವು ಎನ್ನುವುದನ್ನೇ ಮೊಮ್ಮಗಳು ನೋಟ್‌ಪುಸ್ತಕದಲ್ಲಿ ಕೆರೆ ಎಂದು ಬರೆಯುತ್ತಾಳೆ. ವರ್ಷವಿಡೀ ಹರಿಯುವ ಹೊಳೆ ಈ ಸೀಮೆಗಿಲ್ಲ. ನಂದಿ ಬೆಟ್ಟಗಳ ಸೀಮೆಯಲ್ಲಿ ಹುಟ್ಟಿ ಕಡಪದ ಕಡೆ ಪೆನ್ನಾರನ್ನು ಸೇರುವ ಪಾಪಾಗ್ನಿಯೂ ಮಳೆ ಬಂದರೆ ಮಾತ್ರ ನದಿ. ಅದಕ್ಕೇ ಹಿಂದಿನವರು ಕೆರೆಯ ಮೇಲೆ ಕೆರೆ ಕಟ್ಟಿದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುನ್ನ ಕೋಲಾರ ಜಿಲ್ಲೆಯ ಕೆರೆಗಳ ಸಂಖ್ಯೆ ನಾಲ್ಕು ಸಾವಿರ ದಾಟುತ್ತಿತ್ತು.

ಇಲ್ಲಿನ ಹಳ್ಳಿಗೆ ಪಾರ್ಕು ಎಂದರೆ ಕೆರೆ ಏರಿ ಮತ್ತು ಗುಂಡುತೋಪು. ಸಂಜೆ ಗಾಳಿಗೆ ಹೋಗುವುದು ಏರಿಯ ಮೇಲೆ, ಹುಡುಗರು ಕ್ರಿಕೆಟ್ ಆಡುವುದು ಬತ್ತಿದ ಕೆರೆಯಂಗಳದಲ್ಲಿ, ಜಾತ್ರೆಗೆ ಬಂದ ಗಾಡಿ ಬಿಡುವುದು ತೋಪಿನ ಹುಣಸೆ, ಹೊಂಗೆ, ನೇರಳೆ ಮರಗಳ ಕೆಳಗೆ. ಅದೇ ಜಾಗ ಬೆಳ್ಳಕ್ಕಿ, ನೀರುಕಾಗೆ, ಟಿಟ್ಟಿಭ, ನವಿಲುಗಳ ಮನೆಯೂ ಹೌದು. ಮನುಷ್ಯರ ವಿಹಾರಕ್ಕೆ ಒಂದು ಜಾಗ, ಕಾಡುಜೀವಿಗಳಿಗೆ ಇನ್ನೊಂದು ಎಂಬ ವಿಂಗಡಣೆ ಸರ್ಕಾರಿ ಇಲಾಖೆಗಳಲ್ಲಿದೆ, ಊರಿನಲ್ಲಿಲ್ಲ. ಏರಿ ಸಣ್ಣ ನೀರಾವರಿಯದೋ ಪಂಚಾಯ್ತಿಯದೋ, ಅಂಗಳದ ಜಾಲಿ ಮರ ಅರಣ್ಯ ಇಲಾಖೆಯದು, ಮೀನು ಮೀನುಗಾರಿಕೆ ಇಲಾಖೆಯದೋ ಪಂಚಾಯ್ತಿಯದೋ, ಸರ್ವೆ ನಂಬರು ಕಂದಾಯದ್ದು. ಇಷ್ಟು ಜನ ಒಡೆಯರಿರುವ ಜಾಗವನ್ನು ಚೆನ್ನಾಗಿಡುವ ಖರ್ಚು ಯಾರದು?

ಕಡತದಲ್ಲಿ ಇದಕ್ಕೆ ಉತ್ತರ ಇದೆ. ಕೇಂದ್ರದ ‘ವನ್ಯಜೀವಿ ಆವಾಸಗಳ ಸಮಗ್ರ ಅಭಿವೃದ್ಧಿ’ ಯೋಜನೆಯಲ್ಲಿ ಕರ್ನಾಟಕದಂಥ ರಾಜ್ಯಕ್ಕೆ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಅಭಯಾರಣ್ಯಗಳ ಹೊರಗಿನ ವನ್ಯಜೀವಿಗಳ ರಕ್ಷಣೆಯೂ ಆ ಯೋಜನೆಯ ಮೂರು ಭಾಗಗಳಲ್ಲಿ ಒಂದು. ಉದ್ಯೋಗ ಖಾತ್ರಿ ಕಾಯ್ದೆ 2005ರಲ್ಲಿ ಬಂದಾಗ ಕೂಲಿಯ ಹಣ ಪೂರ್ತಿ ಕೇಂದ್ರದ್ದು, ಸಾಮಗ್ರಿಯ ಖರ್ಚಿನಲ್ಲಿ ಕಾಲುಭಾಗ ರಾಜ್ಯದ್ದು ಎಂದಿತ್ತು. 2022ರ ಏಪ್ರಿಲ್‌ನಲ್ಲಿ ಶುರುವಾದ ಅಮೃತ ಸರೋವರಕ್ಕೆ ಪ್ರತ್ಯೇಕ ಹಣವನ್ನೇ ಇಡಲಿಲ್ಲ. ಜಿಲ್ಲೆಗೆ 75 ಕೆರೆಗಳ ಗುರಿ ಕೊಟ್ಟು, ಉದ್ಯೋಗ ಖಾತ್ರಿ, ಹಣಕಾಸು ಆಯೋಗದ ಅನುದಾನ, ದಾನಿಗಳ ನೆರವು ಎಲ್ಲವನ್ನೂ ಜೋಡಿಸಿಕೊಳ್ಳಿ ಎಂದರು. ಈ ಲೆಕ್ಕಗಳನ್ನು ಓದುವಾಗ ನನಗೆ ತೊಡಕಾಗಿ ಕಾಣುವುದು ಒಂದೇ. ಆಗೊಮ್ಮೆ ಈಗೊಮ್ಮೆ ಬರುವ ದಾನಿಗಳನ್ನು ಬಿಟ್ಟರೆ ಪಾಲುದಾರರೆಲ್ಲ ಸರ್ಕಾರಗಳೇ. ದಶವಂದದ ಕಲ್ಲಿನಲ್ಲಿ ಹೆಸರಿದ್ದ ಮನುಷ್ಯ ಇಲ್ಲಿ ಕಾಣುವುದಿಲ್ಲ.

ದಶವಂದದ ಜಾಣತನ ಅದರ ಪ್ರಮಾಣದಲ್ಲಿರಲಿಲ್ಲ. ಕೆರೆಯಲ್ಲಿ ನೀರು ನಿಂತರೆ ಮಾತ್ರ ಆ ಗದ್ದೆ ಬೆಳೆಯುತ್ತಿತ್ತು, ಬೆಳೆದರೆ ಮಾತ್ರ ಪಾಲು. ಏರಿ ಬಿರುಕು ಬಿಟ್ಟ ವರ್ಷ ಕೆರೆ ಕಟ್ಟಿಸಿದವನ ಮನೆಯ ಕಣಜವೂ ಖಾಲಿ. ಹೀಗಾಗಿ ತೂಬು, ಕೋಡಿ, ರಾಜಕಾಲುವೆಗಳ ಮೇಲೆ ಅವನ ಕಣ್ಣು ತಲೆಮಾರುಗಟ್ಟಲೆ ಇರುತ್ತಿತ್ತು. ನೀರು ಬಿಡುವ ನೀರುಗಂಟಿಗೂ ಹಾಗೆಯೇ, ಸುಗ್ಗಿಯಲ್ಲಿ ಕಣದಿಂದಲೇ ಪಾಲು. ಈ ವ್ಯವಸ್ಥೆಯೊಳಗೆ ಜಾತಿಯ ಅನ್ಯಾಯವಿತ್ತು. ನೀರುಗಂಟಿಕೆ ಮಾಡಿದವರು ಬಹುಪಾಲು ದಲಿತರು, ಗದ್ದೆಯ ಯಜಮಾನಿಕೆ ಬೇರೆಯವರದು. ಅದನ್ನು ಹಾಗೇ ಮರಳಿ ತರಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ಹಣ ಫಲಕ್ಕೆ ಕಟ್ಟಿಕೊಂಡಿತ್ತು ಎಂಬ ಒಂದು ಎಳೆಯನ್ನು ಕೈಬಿಡಬಾರದಿತ್ತು.

ಕೈಬಿಟ್ಟಾಗ ಏನಾಯಿತೆಂಬುದಕ್ಕೂ ಈ ಜಿಲ್ಲೆಯೇ ಸಾಕ್ಷಿ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಇಲಾಖೆ ಸಸಿ ಬೆಳೆಸಿ ಹಂಚಿತು, 1983ರಿಂದ ವಿಶ್ವಬ್ಯಾಂಕಿನ ಸಾಲವೂ ಬಂತು. ಸಸಿಯ ಖರ್ಚು ಸರ್ಕಾರದ್ದು, ನೆಲ ರೈತನದು. ಉರುವಲು, ಮೇವು ಬೆಳೆಯಲಿ ಎಂಬುದು ಉದ್ದೇಶ, ಬೆಳೆದದ್ದು ನೀಲಗಿರಿ. ರಾಗಿ ಹೊಲಗಳು ಒಂದೊಂದಾಗಿ ಕಾಗದ, ರೇಯಾನು ಕಾರ್ಖಾನೆಗಳ ಕಚ್ಚಾಮಾಲಿನ ತೋಟಗಳಾದವು. ವಂದನಾ ಶಿವ, ಎಚ್.ಸಿ. ಶರತ್ಚಂದ್ರ ಮತ್ತು ಜೆ. ಬಂದ್ಯೋಪಾಧ್ಯಾಯ ಅವರು 1981ರಲ್ಲೇ ಬೆಂಗಳೂರಿನ ಐಐಎಂನಿಂದ ಕೋಲಾರದ ಅಧ್ಯಯನ ಹೊರತಂದು ಎಚ್ಚರಿಸಿದ್ದರು. ಹೊಸದಾಗಿ ನೀಲಗಿರಿ ನೆಡಕೂಡದು ಎಂದು ರಾಜ್ಯ ಸರ್ಕಾರ ಆದೇಶಿಸಿದ್ದು 2017ರಲ್ಲಿ. ನಡುವೆ ಕಳೆದದ್ದು 36 ವರ್ಷ. ಅಷ್ಟರಲ್ಲಿ ಹೊಲದ ಜೊತೆಗೆ ಕುರಿ ಮೇಯುತ್ತಿದ್ದ ಕುರುಚಲು, ಮೊಲ, ಕವುಜುಗ, ನರಿಗಳಿಗೆ ನೆಲೆಯಾಗಿದ್ದ ಬೀಳು, ‘ಪಾಳುಭೂಮಿ’ ಎಂಬ ಹಣೆಪಟ್ಟಿ ಹೊತ್ತು ಹೋಗಿಬಿಟ್ಟಿತು.

ಕುರುಚಲನ್ನು ಪಾಳೆಂದವರಿಗೆ ಪಾಪಾಗ್ನಿಯ ನೀರು ಹೋಗಿ ಸೇರುವ ಕಡಪ ಜಿಲ್ಲೆ ಒಂದು ಉತ್ತರ ಕೊಟ್ಟಿತ್ತು. ತೆಲುಗಿನಲ್ಲಿ ಕಲಿವಿ ಕೋಡಿ ಎನ್ನುವ ಜೆರ್ಡಾನನ ಕೋರ್ಸರ್ ಹಕ್ಕಿ ಅಳಿದೇಹೋಯಿತೆಂದು ವಿಜ್ಞಾನಿಗಳು ಬರೆದುಬಿಟ್ಟಿದ್ದರು. 1986ರ ಜನವರಿಯಲ್ಲಿ ಅಲ್ಲಿನ ಮುಳ್ಳುಪೊದೆಗಳ ನಡುವೆ ಅದು ಮತ್ತೆ ಸಿಕ್ಕಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭಾರತ್ ಭೂಷಣ್ ಹುಡುಕಾಟ ನಡೆಸಿದ್ದರೂ ಹಕ್ಕಿಯನ್ನು ಹಿಡಿದದ್ದು ಊರಿನವನೇ ಒಬ್ಬ. ಆ ನೆಲವನ್ನು ಅಭಯಾರಣ್ಯ ಮಾಡಿದರು, ತೆಲುಗು ಗಂಗಾ ಕಾಲುವೆಯ ದಾರಿಯನ್ನೂ ಬದಲಿಸಿದರು. ಕೋಲಾರದೊಳಗೇ ಹನುಮನಹಳ್ಳಿಯ ಗುಹೆಯಲ್ಲಿರುವ ಎಲೆಮೂಗಿನ ಬಾವಲಿಯ ಕಥೆ ಇನ್ನೂ ಸೂಕ್ಷ್ಮ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಆ ಜೀವಿ ಇನ್ನೂರಕ್ಕಿಂತ ಕಡಿಮೆ ಉಳಿದಿದೆ, ಬೇರೆಲ್ಲೂ ಅದರ ನೆಲೆ ಗೊತ್ತಿಲ್ಲ. ಕಲ್ಲುಗಣಿಯ ಸಿಡಿಮದ್ದಿನಿಂದ ಅದನ್ನು ಕಾಯಲು ಅರಣ್ಯ ಇಲಾಖೆಯೂ ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್ ಎಂಬ ಖಾಸಗಿ ಸಂಸ್ಥೆಯೂ ಕೈಜೋಡಿಸಿವೆ. ಬಂಡೆಯನ್ನು ಬರೀ ಗ್ರಾನೈಟು ಎಂದು ನೋಡುವ ಜಿಲ್ಲೆಯಲ್ಲಿ ಇದು ಸಣ್ಣ ಕೆಲಸವಲ್ಲ.

ಫಲಕ್ಕೆ ಹಣ ಕಟ್ಟುವುದು ಈಗಲೂ ಸಾಧ್ಯವೇ ಎನ್ನುವವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳಲ್ಲಿ. ಗೂಡಿರುವ ಮರದ ಹುಣಸೆ ಬಡಿಯುವಂತಿಲ್ಲ, ಮಾಲೀಕನಿಗೆ ನಷ್ಟ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಹಣ ಕೊಡುತ್ತ ಬಂದಿದೆ. 2007ರಲ್ಲಿ ಅದು ಸಮುದಾಯ ಮೀಸಲು ಎಂದು ಘೋಷಣೆಯಾಯಿತು. ಹಕ್ಕಿ ಬಂದರೆ ಹಣ, ಇದಕ್ಕಿಂತ ಸರಳವಾದ ದಶವಂದ ಉಂಟೇ? ಕೊಡುವ ಮೊತ್ತ ಮರದ ನಿಜವಾದ ಫಸಲಿಗೆ ಸಮವಾಗಬೇಕು ಎಂಬ ತಕರಾರು ನ್ಯಾಯವಾದದ್ದೇ, ಅದು ಬೇರೆ ಮಾತು.

ಇದೇ ದಾರಿಯ ಇನ್ನೊಂದು ಯೋಜನೆ ರಾಯಲ್ಪಾಡಿನ ರೈತನಿಗೂ ಸಿಗುತ್ತದೆ. 2011-12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ನೆಟ್ಟದ್ದಕ್ಕೆ ಹಣವಿಲ್ಲ, ಬದುಕಿದ್ದಕ್ಕೆ ಹಣ. ಪರಿಷ್ಕೃತ ದರದಲ್ಲಿ ಉಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ಮಾವಿನ ಸೀಮೆಯಲ್ಲಿ ಬದುವಿನ ಮೇಲೆ ಹೆಬ್ಬೇವು, ಹೊಂಗೆ, ಹಲಸು ಏಳುತ್ತಿರುವುದರಲ್ಲಿ ಈ ಲೆಕ್ಕದ ಪಾತ್ರವೂ ಇದೆ ಎಂದು ನಾನು ನಂಬುತ್ತೇನೆ.

ದೂರದ ಅಮೆರಿಕದಲ್ಲಿ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟಿತು. ನಾಲ್ಕರಲ್ಲಿ ಮೂರು ಪಾಲು ಕೇಂದ್ರದ್ದು, ಒಂದು ಪಾಲು ರಾಜ್ಯದ್ದು. ಬೇಟೆ ಪರವಾನಗಿಯಿಂದ ಬಂದ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸಿದ ರಾಜ್ಯಕ್ಕೆ ಕೇಂದ್ರದ ಪಾಲು ಸಿಗದು. ನಮಗೆ ಬೇಕಾದದ್ದು ಆ ಕೊನೆಯ ಷರತ್ತು. ನಮ್ಮ ಪಂಚಾಯ್ತಿಗಳಲ್ಲಿ ಕೆರೆಯ ಮೀನು ಪಾಶುವಾರು, ಅಂದರೆ ಮೀನು ಹಿಡಿಯುವ ಹಕ್ಕು, ಹರಾಜಾಗುತ್ತದೆ, ತೋಪಿನ ಹುಣಸೆ ಫಸಲು ಹರಾಜಾಗುತ್ತದೆ. ಆ ದುಡ್ಡು ಬೀದಿದೀಪಕ್ಕೋ ಬೋರ್‌ವೆಲ್ ಮೋಟರಿಗೋ ಹೋಗುತ್ತದೆ. ಕೆರೆ ದುಡಿದದ್ದು ಕೆರೆಗೆ ಬರುವುದು ಅಪರೂಪ.

ಊರಿನವರು ಪಾಲು ಹಾಕುವುದಿಲ್ಲ ಎಂಬ ದೂರು ಕಚೇರಿಗಳಲ್ಲಿ ಕೇಳಿಬರುತ್ತದೆ. ಅದನ್ನು ಒಪ್ಪುವುದು ಕಷ್ಟ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಜಲಸಂವರ್ಧನೆ ಯೋಜನಾ ಸಂಘ ಕೆರೆಗಳ ಕೆಲಸಕ್ಕಿಳಿದಾಗ ಬಳಕೆದಾರರ ಸಂಘಗಳು ಹಣವಾಗಿಯೂ ದುಡಿಮೆಯಾಗಿಯೂ ವಂತಿಗೆ ಕೊಟ್ಟವು. ಯೋಜನೆ ಇಲ್ಲದಿದ್ದರೂ ಗೋಡು ಹೊಡೆಯುವ ಪದ್ಧತಿ ಇದ್ದೇ ಇದೆ: ಜೆಸಿಬಿ ಖರ್ಚು ಸರ್ಕಾರದ್ದು ಅಥವಾ ಯಾವುದೋ ಟ್ರಸ್ಟಿನದು, ಟ್ರ್ಯಾಕ್ಟರು, ಡೀಸೆಲ್ಲು ರೈತನದು. ಕೆರೆಯ ಗೋಡು ಹೊಲಕ್ಕೆ ಗೊಬ್ಬರ, ಕೆರೆಗೆ ಆಳ. ಇದು ಯಾವ ಆದೇಶವೂ ಇಲ್ಲದೆ ನಡೆಯುವ ವೆಚ್ಚ ಹಂಚಿಕೆ.

ತಪ್ಪುವುದು ಎಸ್ಟಿಮೇಟಿನಲ್ಲಿ. ದರಪಟ್ಟಿ ಘನಮೀಟರಿನ ಲೆಕ್ಕ ಕೇಳುತ್ತದೆ. ಎಷ್ಟು ಮಣ್ಣು ತೆಗೆದರೋ ಅಷ್ಟು ಬಿಲ್ಲು. ಹೀಗಾಗಿ ಅಂಗಳವನ್ನು ಬಾಣಲೆಯಂತೆ ಇಳಿಜಾರಾಗಿ ಬಿಡದೆ ಹೊಂಡದಂತೆ ಕಡಿದಾಗಿ ಕೊರೆಯುತ್ತಾರೆ. ದನ ನೀರಿಗಿಳಿಯಲಾರದು, ಮಗು ಕಾಲು ಜಾರಿದರೆ ಅಪಾಯ, ಕಾಲುಮುಳುಗು ನೀರಿನಲ್ಲಿ ಮೇಯುವ ಗದ್ದೆಗೊರವಕ್ಕೆ ನಿಲ್ಲಲು ನೆಲೆಯೇ ಇಲ್ಲ. ಜಾಲಿ ತೆಗೆಯುವಾಗ ಬೆಳ್ಳಕ್ಕಿ ಗೂಡಿನ ನಾಲ್ಕು ಮರವನ್ನಾದರೂ ಉಳಿಸಿ ಎನ್ನುವ ಕಾಲಮ್ಮು ಕಾಮಗಾರಿಯ ಅಳತೆ ಪುಸ್ತಕದಲ್ಲಿಲ್ಲ. ಆಮೇಲೆ ಅಂದ ಹೆಚ್ಚಿಸಲು ಏರಿಗೆ ಸಿಮೆಂಟು ಇಟ್ಟಿಗೆ, ಕಬ್ಬಿಣದ ಬೇಲಿ, ಬಣ್ಣದ ಬೆಂಚು. ಟಿಟ್ಟಿಭ ಬರೀ ನೆಲದ ಮೇಲೆ, ಹರಳುಕಲ್ಲುಗಳ ನಡುವೆ ಮೊಟ್ಟೆಯಿಡುವ ಹಕ್ಕಿ. ಅದಕ್ಕೆ ಏನೂ ಮಾಡದೆ ಬಿಟ್ಟ ಅರ್ಧ ಎಕರೆಯೇ ಸೌಲಭ್ಯ, ಅದರ ಖರ್ಚು ಸೊನ್ನೆ.

ಊರನ್ನು ಮೊದಲೇ ಕೇಳಿದರೆ ಇವೆಲ್ಲ ಹೊರಬರುತ್ತವೆ. ಕೇಳದೆ ಹೋದರೆ ಏನಾಗುತ್ತದೆಂಬುದನ್ನು 2023ರಲ್ಲಿ ಇದೇ ತಾಲ್ಲೂಕು ನೋಡಿತು. ಅರಣ್ಯ ಒತ್ತುವರಿ ತೆರವಿನಲ್ಲಿ ಫಲಕ್ಕೆ ಬಂದ ಮಾವಿನ ಮರಗಳು ಉರುಳಿದವು, ರೈತರು ಬೀದಿಗಿಳಿದರು, ಜಂಟಿ ಸರ್ವೆಯ ಕೂಗು ಎದ್ದಿತು. ಕಾಡು ಕಾಡಾಗಿ ಮರಳಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸರ್ವೆ ಕಲ್ಲು ಎಲ್ಲಿದೆ ಎಂಬ ತೀರ್ಮಾನ ಜೆಸಿಬಿಗಿಂತ ಮುಂಚೆ ಆಗಬೇಕಿತ್ತು. ಕಾಡಿನಂಚಿನ ಮನೆಗಳನ್ನು ಎದುರುಹಾಕಿಕೊಂಡ ಮೇಲೆ ಬೇಸಿಗೆಯ ಬೆಂಕಿ ನಂದಿಸಲು ಸೊಪ್ಪಿನ ಕೊಂಬೆ ಹಿಡಿದು ಯಾರು ಓಡಿಬರುತ್ತಾರೆ? ಊರೂ ಇಲಾಖೆಯೂ ಸೇರಿ ಕಾಡು ಕಾಯುವ ಗ್ರಾಮ ಅರಣ್ಯ ಸಮಿತಿಗಳ ಆದೇಶ ರಾಜ್ಯದಲ್ಲಿ ಬಂದದ್ದು 1993ರಲ್ಲಿ. ಉತ್ಪನ್ನದಲ್ಲಿ ಊರಿಗೂ ಪಾಲು ಎಂದು ಅದರಲ್ಲೇ ಬರೆದಿದೆ. ಎಷ್ಟೋ ಊರುಗಳಲ್ಲಿ ಆ ಸಮಿತಿಗಳು ಹೆಸರಿಗಷ್ಟೇ ಉಳಿದಿವೆ.

ರಾಯಲ್ಪಾಡಿನ ಸುತ್ತಣ ಕೆರೆಗಳಿಗೆ ನೀರು ತರುವುದು ಬಹುಪಾಲು ಹಿಂಗಾರು. ಅದಕ್ಕೆ ಮುಂಚೆ, ಗಣಪತಿ ಬಿಡುವ ಹೊತ್ತಿಗೆ, ರಾಜಕಾಲುವೆಯ ಲಂಟಾನ ಕಡಿದು, ಕೋಡಿಯ ಕಲ್ಲು ಸರಿಪಡಿಸಿ, ತೂಬಿನ ಬಾಯಿ ಬಿಡಿಸಬೇಕು. ನಾಲ್ಕು ದಿನದ ಕೆಲಸ, ಇಪ್ಪತ್ತು ಆಳು. ಈ ವರ್ಷದ ಮೀನು ಪಾಶುವಾರು ಹರಾಜಿನ ಹತ್ತರಲ್ಲೊಂದು ಪಾಲು ಈ ಕೆಲಸಕ್ಕೆ ಎಂದು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆಸಲು ಯಾವ ಇಲಾಖೆಯ ಒಪ್ಪಿಗೆಗೂ ಕಾಯಬೇಕಿಲ್ಲ. ಅಂಥ ನಡಾವಳಿಯ ಪ್ರತಿ ಹಿಡಿದು ಹೋದ ಊರಿಗೆ ಸರ್ಕಾರ ಉಳಿದ ಒಂಬತ್ತು ಪಾಲು ಕೊಡಲಿ. ಬಿಲ್ಲನ್ನು ಮಾತ್ರ ಮಾಗಿಯಲ್ಲಿ ಬರೆಯಲಿ, ಕೆರೆಯಲ್ಲಿ ನೀರು ಎಷ್ಟು ನಿಂತಿದೆ, ಅಂಚಿನಲ್ಲಿ ಯಾವ ಹಕ್ಕಿ ಇಳಿದಿದೆ ಎಂದು ಏರಿಯ ಮೇಲೆ ನಿಂತು ನೋಡಿದ ಮೇಲೆ.